ಒಳಗೆ ಹಿಡಿದ ಹೊಲಿಗೆ

ನನ್ನ ಅಕ್ಕನ ಮಗಳನ್ನು ನಾವೆಲ್ಲ ಗುಂಡಿ ಎಂದೇ ಕರೆಯುವುದು. ಅವಳಪ್ಪನದು ಬಟ್ಟೆ ಆಲ್ಟರೇಷನ್ ಅಂಗಡಿ. ಅಂಬೆಗಾಲಿಡುವ ಕಾಲದಲ್ಲಿ ಹೊಲಿಗೆ ಮಿಷಿನ್ನಿನ ಕೆಳಗೆ ನುಸುಳಿ, ಬಿದ್ದ ಗುಂಡಿಗಳನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನೋಡುವುದಕ್ಕೂ ಆಗ ಗುಂಡಗುಂಡಗೆ ಇದ್ದಳು. ಹಾಗಾಗಿ ಹೆಸರು ಅಂಟಿಕೊಂಡಿತು. ಈಗ ಅವಳು ಮೂವತ್ತು ದಾಟಿದ ಹೆಂಗಸು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಾಳೆ. ನಾನು ಈಗಲೂ ನಾಲ್ಕು ಜನರ ಮುಂದೆ ಗುಂಡಿ ಎಂದು ಕೂಗಿ ಅವಳ ಕೈಲಿ ಬೈಸಿಕೊಳ್ಳುತ್ತೇನೆ. ಅವಳ ಕಥೆಯಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಉಳಿದರ್ಧವನ್ನು ಅವಳೇ ಹೇಳಿದಳು, ಅದೂ ಇತ್ತೀಚೆಗೆ.

ಮೊದಲು ಅವಳ ಅಪ್ಪ ಅಮ್ಮನ ವಿಷಯ ಹೇಳಬೇಕು. ನನ್ನ ಅಕ್ಕ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಟಿಕೆಟ್ ತೆಗೆದುಕೊಳ್ಳದವನ ಮುಖ ನೋಡಿಯೇ ಹಿಡಿಯುವವಳು. ಮನೆಯಲ್ಲೂ ಅದೇ ಕಣ್ಣು, ಅದೇ ದನಿ. ಭಾವ ಅದಕ್ಕೆ ತದ್ವಿರುದ್ಧ. "ಆಗಲ್ಲ" ಎನ್ನುವ ಮಾತು ಅವರ ಬಾಯಲ್ಲಿ ಹೊರಳಿದ್ದನ್ನು ನಾನು ಕೇಳಿಲ್ಲ. ಗಿರಾಕಿ ಎಂಥ ಅಸಂಬದ್ಧ ಕೇಳಿದರೂ "ಆಯ್ತು, ಮಾಡ್ಕೊಡೋಣ" ಎನ್ನುವರು. ಹೊಟ್ಟೆ ಬಂದು ಪ್ಯಾಂಟು ಬಿಗಿಯಾದ ಗಂಡಸರಿಗೆ, "ಬಟ್ಟೆ ಒಗೆದಾಗ ಕುಗ್ಗಿದೆ ಸಾರ್, ಈಗಿನ ಬಟ್ಟೆಗಳೇ ಹಾಗೆ" ಎಂದು ಮರ್ಯಾದೆ ಉಳಿಸುವುದರಲ್ಲಿ ಅವರದು ಎತ್ತಿದ ಕೈ. ಅಳತೆ ಟೇಪು ಏನು ಹೇಳಿತೋ ಅದನ್ನು ಬಾಯಿಬಿಟ್ಟು ಹೇಳದಿರುವುದೇ ಅವರ ಕಸುಬಿನ ಮರ್ಯಾದೆ. ಅಂಗಡಿಯ ಹಿಂದೆಯೇ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಕಕ್ಕಸು, ಅದೂ ಮಹಡಿ ಮನೆಯವರ ಜೊತೆ ಪಾಲು.

ಗುಂಡಿಗೆ ಹನ್ನೆರಡಾದಾಗ ಹೊಟ್ಟೆನೋವು ಶುರುವಾಯಿತು. ಮೊದಲು ಎಲ್ಲರೂ ಹೇಳಿದ್ದು ಒಂದೇ: ಸ್ಕೂಲಿಗೆ ಚಕ್ಕರ್ ಹೊಡೆಯೋಕೆ ನೆಪ. ನಾನೂ ಹಾಗೇ ಅಂದಿದ್ದೆ. ಆಮೇಲೆ ದಿನಕ್ಕೆ ಹತ್ತಾರು ಸಲ ಹಿತ್ತಲಿಗೆ ಓಡಾಟ, ಆಮೇಲೆ ರಕ್ತ. ಮಹಡಿ ಮನೆಯವರು ಬಾಗಿಲು ತಟ್ಟುತ್ತಿದ್ದರು, ಒಳಗೆ ಇವಳು ಹಲ್ಲು ಕಚ್ಚಿ ಕೂತಿರುತ್ತಿದ್ದಳು. ದೊಡ್ಡ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ದೊಡ್ಡ ಕರುಳಿನ ಒಳಗೋಡೆಯೆಲ್ಲ ಹುಣ್ಣಾಗಿದೆ ಎಂದರು. ಸಾಯುವ ಕಾಯಿಲೆಯಲ್ಲ, ಬಿಟ್ಟು ಹೋಗುವ ಕಾಯಿಲೆಯೂ ಅಲ್ಲ, ಏರಿಳಿತ ಇದ್ದೇ ಇರುತ್ತದೆ ಎಂದರು. ಆ "ಏರಿಳಿತ" ಎಂಬ ಮಾತನ್ನು ಇವರ ಮನೆಯವರು ಮುಂದೆ ಎಲ್ಲಿಗೆ ಬೇಕೋ ಅಲ್ಲಿಗೆಲ್ಲ ಎಳೆದಾಡಿದರು.

ಅಕ್ಕ ಇದ್ದಬದ್ದ ರಜೆಯನ್ನೆಲ್ಲ ಹಾಕಿ ಮಗಳ ಪಕ್ಕ ಕೂತಳು. ಸ್ಕೂಲಿಗೆ ಹೋಗಿ ಹೆಡ್ ಟೀಚರ ಹತ್ತಿರ ಜಗಳವಾಡಿ, ಗುಂಡಿಗೆ ಬಾಗಿಲ ಪಕ್ಕದ ಬೆಂಚು ಕೊಡಿಸಿದಳು. ಕೇಳದೆಯೇ ಎದ್ದು ಹೋಗಬಹುದು ಎಂದು ಒಪ್ಪಿಸಿದಳು. ಒಳ್ಳೆಯದಕ್ಕೇ ಮಾಡಿದ್ದು. ಆದರೆ ಆ ಬೆಂಚಿಗೆ ಹುಡುಗರು ಇಟ್ಟ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಸ್ಟೀರಾಯ್ಡ್ ಮಾತ್ರೆ ಶುರುವಾದ ಮೇಲೆ ರಕ್ತ ನಿಂತಿತು, ನೋವೂ ನಿಂತಿತು. ಅದರ ಬದಲಿಗೆ ಮುಖ ಊದಿತು. ಊದಿತು ಅಂದರೆ ಕಣ್ಣು ಹುಡುಕಬೇಕು ಅನ್ನುವಷ್ಟು. ಮೈಯೂ ದಪ್ಪವಾಯಿತು, ಭಾವ ಯೂನಿಫಾರಂ ಬಿಚ್ಚಿ ಬಿಚ್ಚಿ ಸಡಿಲ ಮಾಡಿದರು. ಹದಿಮೂರನೇ ವಯಸ್ಸಿನ ಹುಡುಗಿ ಕನ್ನಡಿಗೆ ಟವೆಲ್ ಹೊದಿಸಿ ತಲೆ ಬಾಚಿಕೊಳ್ಳುತ್ತಿದ್ದಳು. ಕ್ರಮೇಣ ಮಾತ್ರೆ ಕಡಿಮೆ ಮಾಡಿದರು. ಮುಖದ ಊತ ನಿಧಾನಕ್ಕೆ ಇಳಿಯತೊಡಗಿತು. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟೆವು.

ಆ ಹೊತ್ತಿಗೇ ಅಕ್ಕನಿಗೆ ಅವಕಾಶ ಬಂದಿದ್ದು. ಅವಳಿಗೆ ಡ್ರೈವರ್ ಆಗಬೇಕು ಎಂಬ ಹುಚ್ಚು ಬಹಳ ದಿನದ್ದು. ಟಿಕೆಟ್ ಹರಿಯುತ್ತಲೇ ಡ್ರೈವರ ಕೈಕಾಲು ನೋಡಿ ನೋಡಿ ಅರ್ಧ ಕಲಿತಿದ್ದಳು. ಅವಳ ಡಿಪೋದಲ್ಲಿ ಹೆಂಗಸರು ಯಾರೂ ಬಸ್ಸು ಓಡಿಸಿರಲಿಲ್ಲ. ಈ ಸಲ ತರಬೇತಿಗೆ ಅವಳ ಹೆಸರು ಬಂತು. ತರಬೇತಿ ಕೇಂದ್ರ ದೂರ. ಮೂರು ತಿಂಗಳು ಅಲ್ಲೇ ಇರಬೇಕು, ಭಾನುವಾರ ಮಾತ್ರ ಮನೆಗೆ ಬರಬಹುದು, ಕೊನೆಯಲ್ಲಿ ಟೆಸ್ಟು. ಮಗಳನ್ನು ಬಿಟ್ಟು ಹೇಗೆ ಹೋಗಲಿ ಎಂದು ಅಕ್ಕ ಹಿಂದೆಮುಂದೆ ನೋಡಿದಳು. ಹೋಗು ಎಂದು ದೂಡಿದ್ದು ಗುಂಡಿಯೇ. ನಾನು ಈಗ ಚೆನ್ನಾಗಿದ್ದೀನಿ, ಅಪ್ಪ ಇದ್ದಾನೆ, ಚಿಕ್ಕಮ್ಮ ಬಂದು ಹೋಗ್ತಿರ್ತಾಳೆ, ಏನೂ ಆಗಲ್ಲ ಎಂದಳು. ಅವತ್ತು ಅವಳು ಹೇಳಿದ್ದು ನಿಜವೇ ಆಗಿತ್ತು.

ಅಕ್ಕ ಹೋದ ಮೇಲೆ ಎರಡು ವಾರವೂ ಕಳೆದಿರಲಿಲ್ಲ, ಮತ್ತೆ ರಕ್ತ ಕಂಡಿತು. ಗುಂಡಿ ನೋಡಿದಳು, ನೀರು ಸುರಿದಳು, ಹೊರಗೆ ಬಂದಳು, ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದು ಅವಳಿಗೆ ಬಾಯಿಪಾಠ: ಅಮ್ಮ ತರಬೇತಿ ಬಿಟ್ಟು ಓಡಿ ಬರುತ್ತಾಳೆ, ಮತ್ತೆ ಮಾತ್ರೆ, ಮತ್ತೆ ಬಲೂನಿನಂಥ ಮುಖ. "ಅಮ್ಮನಿಗೋಸ್ಕರ ಮುಚ್ಚಿಟ್ಟೆ ಅಂತ ನನಗೆ ನಾನೇ ಹೇಳ್ಕೊಂಡೆ ಚಿಕ್ಕಮ್ಮ," ಎಂದಳು ನನ್ನ ಹತ್ತಿರ. "ಆದ್ರೆ ಮುಖದ ಭಯಾನೂ ಕಮ್ಮಿ ಇರಲಿಲ್ಲ. ಯಾವುದು ಜಾಸ್ತಿ ಇತ್ತು ಅಂತ ಇವತ್ತಿಗೂ ಗೊತ್ತಿಲ್ಲ."

ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುವುದು ಅವಳಿಗೆ ಕಾಯಿಲೆಯ ಮೊದಲ ವರ್ಷದಿಂದಲೇ ಅಭ್ಯಾಸ. ಕಲೆ ಯಾರ ಕಣ್ಣಿಗೂ ಬೀಳಬಾರದು ಎಂಬ ನಾಚಿಕೆ. ಹಾಗಾಗಿ ಬಟ್ಟೆಯ ಗುಟ್ಟು ಹೊರಬೀಳಲಿಲ್ಲ. ಊಟ ಮೊದಲೇ ಸಪ್ಪೆ. ಅದರಲ್ಲೂ ಅರ್ಧ ಬಿಟ್ಟರೆ ಭಾವನಿಗೆ ತಿಳಿಯುತ್ತಿರಲಿಲ್ಲ. ಮೈ ಇಳಿಯುವುದನ್ನು ಮಾತ್ರ ಅವಳಿಂದ ಮುಚ್ಚಿಡಲಾಗಲಿಲ್ಲ. ಸ್ಕರ್ಟು ಸೊಂಟದಲ್ಲಿ ನಿಲ್ಲದಾಯಿತು. ಸೇಫ್ಟಿ ಪಿನ್ ಹಾಕಿಕೊಂಡು ನಡೆಸಿದಳು. ಒಂದು ದಿನ ಕ್ಲಾಸಿನಲ್ಲಿ ಎದ್ದು ನಿಂತಾಗ ಪಿನ್ ಬಿಚ್ಚಿಕೊಂಡಿತು. ಎರಡೂ ಕೈಯಲ್ಲಿ ಸ್ಕರ್ಟು ಹಿಡಿದುಕೊಂಡು ಬಾಗಿಲ ಪಕ್ಕದ ಬೆಂಚಿನಿಂದ ಹೊರಗೋಡಿದಳು. ಸಂಜೆ ನೇರ ಅಪ್ಪನ ಮಿಷಿನ್ನಿನ ಮುಂದೆ ಬಂದು ನಿಂತು, ಸೊಂಟ ಸ್ವಲ್ಪ ಒಳಗೆ ಹಿಡಿದು ಹೊಲಿದುಕೊಡು ಎಂದಳು.

ಭಾವ ಟೇಪು ಸುತ್ತಿದರು. ಸುತ್ತಿದ ಕೈ ಹಾಗೇ ನಿಂತಿತು.

"ಇದೇನೇ ಇಷ್ಟು ಇಳಿದಿದೀಯ?"

ಗುಂಡಿ ಹೇಳಿದಳು. ಪೂರ್ತಿಯಲ್ಲ, ಹೇಳಿದರೆ ಸಾಕು ಅನ್ನುವಷ್ಟು. ಸ್ವಲ್ಪ ಶುರುವಾಗಿದೆ, ಡಾಕ್ಟರೇ ಏರಿಳಿತ ಇರುತ್ತೆ ಅಂದಿದ್ದಾರೆ, ಮಾತ್ರೆ ತಗೊಳ್ತಾ ಇದೀನಿ, ಅಮ್ಮನ ಟೆಸ್ಟ್ ಮುಗಿದ ಮೇಲೆ ಹೇಗೂ ಡಾಕ್ಟರ ಹತ್ತಿರ ಹೋಗೋದಿದೆ, ಆಗ ನಾನೇ ಎಲ್ಲ ಹೇಳ್ತೀನಿ. ಅಲ್ಲಿವರೆಗೆ ಅಮ್ಮನಿಗೆ ಹೇಳ್ಬೇಡ ಎಂದು ಆಣೆ ಹಾಕಿಸಿಕೊಂಡಳು. ಭಾವ ಒಂದೆರಡು ಸಲ ಇಲ್ಲ ಎನ್ನುವಂತೆ ತಲೆ ಆಡಿಸಿದರಂತೆ. ಆಮೇಲೆ ಅವರ ಬಾಯಲ್ಲಿ ಬಂದಿದ್ದು ಅದೇ ಮಾತು. "ಆಯ್ತು, ಮಾಡ್ಕೊಡೋಣ."

ಅಲ್ಲಿಂದ ಪ್ರತಿ ಶನಿವಾರ ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಅಪ್ಪ ಮಗಳ ಈ ಕೆಲಸ. ಭಾನುವಾರ ಅಕ್ಕ ಬರುವ ಹೊತ್ತಿಗೆ ಬಟ್ಟೆ ಮೈಗೆ ಕೂರಬೇಕು. ಸ್ಕರ್ಟಿನ ಸೊಂಟ, ಅಂಗಿಯ ಪಕ್ಕೆ, ತೋಳು, ಎಲ್ಲವನ್ನೂ ಒಳಗೆ ಹಿಡಿದು ಹೊಲಿಯುವುದು. ಭುಜದ ಮೂಳೆ ಎದ್ದು ಕಾಣುತ್ತಿದೆ ಎಂದು ಅಂಗಿಯ ಒಳಗೆ ತೆಳ್ಳನೆಯ ಪ್ಯಾಡ್ ಕೂಡ ಕೂರಿಸಿದರು. ಹೆಚ್ಚಾದ ಬಟ್ಟೆಯನ್ನು ಕತ್ತರಿಸಲಿಲ್ಲ. ಮತ್ತೆ ಮೈ ಹಿಡಿಯುತ್ತಾಳೆ, ಆಗ ಬಿಚ್ಚಿದರಾಯಿತು ಎಂದು ಒಳಗೇ ಮಡಿಸಿಟ್ಟರು. ವಾರದಿಂದ ವಾರಕ್ಕೆ ಮಡಿಕೆಯ ಮೇಲೆ ಮಡಿಕೆ ಬಂದು ಸೊಂಟದ ಪಟ್ಟಿ ದಪ್ಪವಾಯಿತು. ಅದು ಉಜ್ಜಿ ಉಜ್ಜಿ ಅವಳ ಸೊಂಟದ ಸುತ್ತ ಕೆಂಪಗೆ ಬರೆ ಬಿದ್ದಿತ್ತು. ಅದನ್ನು ಅವಳು ಅಪ್ಪನಿಗೂ ತೋರಿಸಲಿಲ್ಲ.

ಟಿಕೆಟ್ ಇಲ್ಲದವನನ್ನು ಮುಖ ನೋಡಿ ಹಿಡಿಯುವ ನನ್ನ ಅಕ್ಕ ಹೇಗೆ ಮೋಸ ಹೋದಳು ಎಂದು ಕೇಳಿದರೆ, ಮುಖದಿಂದಲೇ ಮೋಸ ಹೋದಳು. ಮುಖ ತೆಳ್ಳಗಾಗುತ್ತಿದ್ದದ್ದು ನಮ್ಮ ಕಣ್ಣಿಗೆ ವಾಸಿಯಾದ ಲಕ್ಷಣ. ಊತ ಇಳಿಯಲಿ ಎಂದು ತಾನೇ ನಾವೆಲ್ಲ ಕಾದಿದ್ದು? "ನೋಡೇ, ಎಷ್ಟು ಲಕ್ಷಣವಾಗಿ ಕಾಣ್ತಾಳೆ ಈಗ, ಬಟ್ಟೆ ಎಷ್ಟು ಚೆನ್ನಾಗಿ ಕೂತಿದೆ" ಎಂದು ಅಕ್ಕ ಒಂದು ಭಾನುವಾರ ನನ್ನನ್ನು ಕರೆದು ತೋರಿಸಿದಳು. ನಾನೂ ಹೂಂಗುಟ್ಟಿದೆ. ಭಾವ ಎದ್ದು ಅಂಗಡಿ ಕಡೆ ಹೋದರು. ಮಿಷಿನ್ನಿನ ಸದ್ದು ಕೇಳಿಸಿತು. ನೀರು ಕುಡಿಯಲು ಹೋದವಳು ನೋಡುತ್ತೇನೆ, ಸೂಜಿಯ ಕೆಳಗೆ ಬಟ್ಟೆಯೇ ಇಲ್ಲ, ಸುಮ್ಮನೆ ತುಳಿಯುತ್ತಿದ್ದಾರೆ. ಎಣ್ಣೆ ಬಿಟ್ಟಿದ್ದೆ, ಓಡಿಸಿ ನೋಡ್ತಿದೀನಿ ಎಂದರು. ನಾನು ನಂಬಿದೆ.

ಟೆಸ್ಟಿಗೆ ಮುಂಚಿನ ಭಾನುವಾರ ಭಾವನಿಗೆ ತಡೆಯಲಾಗಲಿಲ್ಲ. ಹಿತ್ತಲಲ್ಲಿ ಮಗಳನ್ನು ಹಿಡಿದು, ಇವತ್ತು ಹೇಳಿಬಿಡ್ತೀನಿ ಕಣೇ ಎಂದರು. ಗುಂಡಿ ಗೋಡೆ ಹಿಡಿದುಕೊಂಡೇ ನಿಂತಿದ್ದಳಂತೆ. "ಇಷ್ಟು ದಿನ ಸುಮ್ಮನಿದ್ದು ಈಗ ಹೇಳಿದ್ರೆ ಅಮ್ಮ ನಿನ್ನ ಬಿಡ್ತಾಳಾ?" ಎಂದಳು. ಬೇರೆ ಏನು ಹೇಳಿದ್ದರೂ ಅವರು ಒಳಗೆ ಹೋಗಿ ಬಾಯಿಬಿಡುತ್ತಿದ್ದರೋ ಏನೋ. ಇದೊಂದು ಮಾತಿಗೆ ಅವರ ಬಾಯಿಗೆ ಬೀಗ ಬಿತ್ತು. "ನಾನು ಅಪ್ಪನ್ನ ಹೆದರಿಸಿದೆ ಚಿಕ್ಕಮ್ಮ. ಬೇಕಂತಲೇ ಹೆದರಿಸಿದೆ," ಎಂದು ಇದನ್ನು ಹೇಳುವಾಗ ಗುಂಡಿ ನನ್ನ ಮುಖ ನೋಡಲಿಲ್ಲ.

ಆ ವಾರವೇ ಅವಳು ಸ್ಕೂಲಿನ ಕಕ್ಕಸಿನಲ್ಲಿ ಬಿದ್ದಳು. ಆಟದ ಟೀಚರು ಬಾಗಿಲು ಒಡೆದು, ಎತ್ತಿಕೊಂಡೇ ಆಸ್ಪತ್ರೆಗೆ ಓಡಿದ್ದರು. ನನಗೆ ಫೋನು ಬಂತು. ನಾನು ಹೋಗುವಾಗ ನರ್ಸು ಅವಳ ಸ್ಕರ್ಟನ್ನು ಕತ್ತರಿಸಿ ತೆಗೆಯಲು ಒದ್ದಾಡುತ್ತಿದ್ದಳು. ಸೊಂಟದ ಪಟ್ಟಿಗೆ ಕತ್ತರಿ ಹೋಗುತ್ತಿಲ್ಲ, ಅಷ್ಟು ಪದರ. ಏನ್ರೀ ಇದು, ಬಟ್ಟೆಯೋ ಹಾಸಿಗೆಯೋ ಎಂದು ಗೊಣಗಿದಳು. ಕೊನೆಗೆ ಹೇಗೋ ಕತ್ತರಿಸಿ ತೆಗೆದಾಗ ಕಂಡ ಮೈಯನ್ನು ನಾನು ಇನ್ನೂ ಮರೆತಿಲ್ಲ. ಭಾವ ಬಾಗಿಲಲ್ಲಿ ನಿಂತಿದ್ದರು. ಅವರು ಮಗಳನ್ನು ನೋಡುತ್ತಿರಲಿಲ್ಲ, ನೆಲದ ಮೇಲೆ ಬಿದ್ದ ಆ ಸ್ಕರ್ಟನ್ನು ನೋಡುತ್ತಿದ್ದರು.

ಅಕ್ಕ ಟೆಸ್ಟು ಬಿಟ್ಟು ಬಂದಳು. ಅಷ್ಟು ಹೊತ್ತಿಗೆ ಆಪರೇಷನ್ ಆಗಲೇಬೇಕು ಎಂದು ತೀರ್ಮಾನವಾಗಿತ್ತು. ಕರುಳು ಊದಿ ಒಡೆಯುವ ಹಾಗಿತ್ತು. ದೊಡ್ಡ ಕರುಳು ಪೂರ್ತಿ ತೆಗೆದರು, ಮಲ ಹೊರಬರಲು ಹೊಟ್ಟೆಯ ಬಲಗಡೆ ಒಂದು ದಾರಿ ಮಾಡಿ ಚೀಲ ಕೂರಿಸಿದರು. ಸ್ವಲ್ಪ ಮುಂಚೆ ಬಂದಿದ್ದರೆ ಔಷಧಿಗೆ ಒಂದು ಅವಕಾಶವಾದರೂ ಇರುತ್ತಿತ್ತು ಎಂದರು ಡಾಕ್ಟರು. ಬೈದು ಹೇಳಲಿಲ್ಲ. ಆದರೂ ಆ ಮಾತು ನಮ್ಮ ಮನೆಯಲ್ಲಿ ಉಳಿದುಕೊಂಡಿತು.

ಆಸ್ಪತ್ರೆಯವರು ಬಟ್ಟೆಯನ್ನು ಒಂದು ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಅಕ್ಕ ತೆಗೆದು ಒಳಮಗ್ಗುಲು ತಿರುಗಿಸಿದಳು. ಟೈಲರನ ಹೆಂಡತಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಒಂದೊಂದೇ ಹೊಲಿಗೆಯ ಮೇಲೆ ಬೆರಳು ಆಡಿಸುತ್ತ ಹೋದಳು. ಭುಜದ ಪ್ಯಾಡ್ ಮುಟ್ಟಿದಾಗ ನಿಂತಳು. "ನಿಮಗೆ ಗೊತ್ತಿತ್ತು," ಎಂದಳು ಗಂಡನಿಗೆ. ದನಿ ಏರಿಸಲಿಲ್ಲ. ಭಾವ, "ಬಟ್ಟೆ ಸಡಿಲ ಆಗಿತ್ತು, ನಾನೇ ಹಿಡಿದೆ. ಇಷ್ಟಾಗುತ್ತೆ ಅಂದ್ಕೊಂಡಿರಲಿಲ್ಲ," ಎಂದರು. ಮಗಳ ಹೆಸರು ಎತ್ತಲಿಲ್ಲ.

ಮಂಚದ ಮೇಲೆ ಗುಂಡಿಗೆ ಎಚ್ಚರವಿತ್ತು. ಎಲ್ಲ ಕೇಳಿಸಿತು. ಕಣ್ಣು ಮುಚ್ಚಿಕೊಂಡು ಮಲಗಿದಳು.

ಮನೆಗೆ ಬಂದ ಮೇಲೆ ಅಕ್ಕ ಜಗಳ ಮಾಡಲಿಲ್ಲ, ಅಳಲಿಲ್ಲ. ಒಂದೇ ಒಂದು ಕಟ್ಟಳೆ ಹಾಕಿದಳು: ಇನ್ನು ಮೇಲೆ ಮಗಳ ಬಟ್ಟೆಗೆ ಭಾವ ಕೈ ಹಚ್ಚುವ ಹಾಗಿಲ್ಲ. ಗಂಡನ ಜೊತೆ ಬೇಕಾದ್ದಕ್ಕೆ ಮಾತ್ರ ಮಾತು. ಗ್ಯಾಸ್ ಮುಗಿದಿದೆ, ಬೀಗ ಹಾಕಿ, ಊಟಕ್ಕೆ ಬನ್ನಿ. ಮೊದಲು ಬಾಯಿ ತುಂಬ ಇದ್ದ "ರೀ" ಹೋಯಿತು. ಗುಂಡಿಗೆ ರೆಡಿಮೇಡ್ ಬಟ್ಟೆ ಬಂತು. ಹೊಟ್ಟೆಯ ಮೇಲೆ ಚೀಲ ಇರುವವರಿಗೆ ಅಂಗಡಿಯ ಬಟ್ಟೆ ಎಲ್ಲಿ ಆಗುತ್ತದೆ? ಸೊಂಟದ ಪಟ್ಟಿ ಸರಿಯಾಗಿ ಚೀಲದ ಮೇಲೇ ಬಂದು ಒತ್ತುವುದು, ಇಲ್ಲವೆಂದರೆ ಗೋಣಿಯಂತೆ ಜೋಲುವುದು. ಪಟ್ಟಿಯನ್ನು ಎರಡು ಬೆರಳು ಮೇಲೆ ಏರಿಸಿ ಒಳಗೆ ಮೆತ್ತನೆ ಬಟ್ಟೆ ಕೊಟ್ಟರೆ ಮುಗಿಯಿತು. ಅದು ಭಾವನಿಗೆ ಒಂದು ಗಳಿಗೆಯ ಕೆಲಸ. ಮಗಳು ಒಂದು ಕೈಯಲ್ಲಿ ಪಟ್ಟಿ ಎತ್ತಿ ಹಿಡಿದು ನಡೆಯುವುದನ್ನು ಅವರು ಮಿಷಿನ್ನಿನ ಹಿಂದೆ ಕೂತು ನೋಡುತ್ತಿದ್ದರು. ಯಾರದೋ ಪ್ಯಾಂಟಿನ ಕಾಲು ಮಡಿಸುತ್ತಿದ್ದರು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಗುಂಡಿ ಹೇಳಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ, ಅವಳಿಗೂ ತನ್ನ ಮೇಲೆ ಸಿಟ್ಟು ಬರುವುದು ಇಲ್ಲೇ. ಹೇಳಿದರೆ ಅಮ್ಮನಿಗೆ ತನ್ನ ಟೆಸ್ಟಿನಿಂದಲೇ ಹೀಗಾಯಿತು ಎಂಬ ನೋವು ಸೇರಿಕೊಳ್ಳುತ್ತದೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಅಮ್ಮನ ಸಿಟ್ಟೆಲ್ಲ ಅಪ್ಪನ ಮೇಲಿದ್ದಷ್ಟು ದಿನ ತನಗೆ ಬರುತ್ತಿದ್ದದ್ದು ಬರೀ ಅಕ್ಕರೆ. ಕಾಯಿಲೆಯ ಹುಡುಗಿಗೆ ಆ ಅಕ್ಕರೆ ಬೇಕಿತ್ತು. ಚೀಲ ಸೋರಿದ ಬೆಳಗ್ಗೆ ಬೈಯದೆ ಹಾಸಿಗೆ ಬದಲಾಯಿಸಿ, ಬೆನ್ನು ಸವರಿ ಮಲಗಿಸುವ ಆ ಕೈ ಎಲ್ಲಿ ಬಿಗಿಯಾಗಿಬಿಡುತ್ತದೋ ಎಂಬ ಭಯ. ಹಾಗಾಗಿ ದಿನ ದೂಡಿದಳು. ಪಕ್ಕದಲ್ಲೇ ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅವರ ತಟ್ಟೆಗೆ ಬಡಿಸಲು ಅಕ್ಕ ಕೈ ಚಾಚುತ್ತಿರಲಿಲ್ಲ, ಪಾತ್ರೆಯನ್ನು ಅವರ ಕಡೆ ತಳ್ಳುತ್ತಿದ್ದಳು. ಗುಂಡಿ ನೋಡುತ್ತಿದ್ದಳು.

ಒಂದು ವರ್ಷಕ್ಕೂ ಮೇಲಾಯಿತು. ಡಿಪೋದಿಂದ ಅಕ್ಕನಿಗೆ ಮತ್ತೆ ಕರೆ ಬಂತು. ಮತ್ತದೇ ತರಬೇತಿ, ಮತ್ತದೇ ಮೂರು ತಿಂಗಳು. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ. ನಾನು ಅವತ್ತು ಅಲ್ಲೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಹೋಗೇ ಅಕ್ಕ ಎಂದೆ. ಅಕ್ಕ ಕೈ ಒರೆಸಿಕೊಳ್ಳುತ್ತ, "ಇವಳನ್ನ ಯಾರ ಕೈಲಿ ಬಿಟ್ಟು ಹೋಗಲಿ? ಇವರ ಕೈಲಾ?" ಎಂದಳು. ಪರದೆಯ ಆಚೆ ಇಸ್ತ್ರಿ ಮಾಡುತ್ತಿದ್ದ ಭಾವನಿಗೆ ಕೇಳಲಿ ಎಂದೇ ಹೇಳಿದ್ದು. ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು.

ಗುಂಡಿ ಆಗ ಬಾಯಿಬಿಟ್ಟಳು.

"ಅಮ್ಮ, ಅಪ್ಪಂದು ತಪ್ಪಿಲ್ಲ. ಹೇಳ್ಬೇಡ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದು. ನಿನ್ನ ಟೆಸ್ಟ್ ತಪ್ಪಿಹೋಗುತ್ತೆ ಅಂತ."

ಅಕ್ಕನ ಮುಖದಲ್ಲಿ ರಕ್ತವೇ ಇಳಿದುಹೋಯಿತು. "ನನ್ನ ಟೆಸ್ಟಿಗಾ?" ಎಂದಳು. ಅಷ್ಟು ಸಣ್ಣ ದನಿಯಲ್ಲಿ ನನ್ನ ಅಕ್ಕ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಪರದೆ ಸರಿಸಿ ಭಾವ ಒಳಗೆ ಬಂದರು. ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು. "ಸುಳ್ಳು," ಎಂದರು. "ಅವಳು ನಂಗೆ ಏನೂ ಹೇಳೇ ಇಲ್ಲ. ಕೇಳಿದ್ದೂ ಇಲ್ಲ. ಬಟ್ಟೆ ಸಡಿಲ ಕಂಡಿತು, ನಾನೇ ಕರೆದು ಹಿಡಿದೆ. ನನ್ನ ಉಳಿಸೋಕೆ ಹೇಳ್ತಿದಾಳೆ, ಪಾಪ." ಗಿರಾಕಿಗೆ ಬಟ್ಟೆ ಕುಗ್ಗಿದೆ ಸಾರ್ ಎನ್ನುತ್ತಾರಲ್ಲ, ಅದೇ ದನಿ. ಎಲ್ಲೂ ಎಡವಲಿಲ್ಲ.

ಗುಂಡಿ ಇಲ್ಲ ಇಲ್ಲ ಎಂದಳು. ನಿಜ ಹೇಳ್ತಿದೀನಿ ಎಂದು ಅತ್ತಳು. ಹಿತ್ತಲಲ್ಲಿ ಆಡಿದ ಮಾತನ್ನೂ ಹೇಳಿದಳು. ಅವಳು ಅತ್ತಷ್ಟೂ ಅಕ್ಕನಿಗೆ ಗಂಡನ ಮಾತೇ ನಿಜ ಎನಿಸುತ್ತ ಹೋಯಿತು. ನನಗೂ ಹಾಗೇ ಅನಿಸಿತು. ನಾವು ಕಂಡ ಭಾವನಿಗೆ ಸುಳ್ಳು ಹೇಳಿ ಗೆಲ್ಲುವಷ್ಟು ಧೈರ್ಯ ಎಲ್ಲಿತ್ತು? ಅಕ್ಕ ಮಗಳನ್ನು ಎಳೆದು ಅಪ್ಪಿಕೊಂಡಳು. "ನೋಡಿ," ಎಂದಳು ಗಂಡನ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ಅವರ ಮುಖ ನೋಡಿ ಮಾತಾಡಿದಳು. "ಇಷ್ಟೆಲ್ಲ ಆದ್ರೂ ನಿಮಗೋಸ್ಕರ ತನ್ನ ಮೇಲೆ ಹಾಕ್ಕೊಳ್ಳೋಕೆ ನಿಂತಿದೆ ಈ ಮಗು."

ಅವತ್ತು ಅಕ್ಕನ ಮನಸ್ಸು ಸ್ವಲ್ಪ ಕರಗಿತು. ಮೂರು ತಿಂಗಳು ನಾನು ಬಂದು ಮನೆಯಲ್ಲಿರುತ್ತೇನೆ ಎಂದು ಒಪ್ಪಿಕೊಂಡ ಮೇಲೆ ಹೋಗಲು ಹೂಂ ಅಂದಳು. ಊಟಕ್ಕೆ ಕೂತಾಗ ಗಂಡನ ತಟ್ಟೆಗೆ ತಾನೇ ಬಡಿಸಿದಳು. ಎಲ್ಲ ಸರಿಹೋಗುತ್ತಿದೆ ಎಂದು ನಾನು ಖುಷಿಪಟ್ಟೆ. ಗುಂಡಿ ಮಾತ್ರ ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು. ಆ ಮನೆಯಲ್ಲಿ ಆ ಮಾತಿಗೆ ಎದುರು ಮಾತಿರಲಿಲ್ಲ.

ಮರುದಿನ ಅವಳು ಅಂಗಡಿಯಲ್ಲಿ ಅಪ್ಪನನ್ನು ಹಿಡಿದು, ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದಳಂತೆ. ಭಾವ ಸೂಜಿಗೆ ದಾರ ಪೋಣಿಸುತ್ತಿದ್ದರು. ಪೋಣಿಸಿ ಮುಗಿಸಿದ ಮೇಲೆ ಹೇಳಿದರು.

"ನೀನು ಕೇಳಿದ್ದು ನಿಜ. ಮಕ್ಕಳು ಏನು ಬೇಕಾದ್ರೂ ಕೇಳ್ತಾರೆ. ನಾನು ನಿನ್ನ ಮಾತನ್ನ ಗಿರಾಕಿ ಮಾತು ಕೇಳಿದ ಹಾಗೆ ಕೇಳಿದೆ ಕಣೇ. ಟೇಪು ಕೈಯಲ್ಲಿ ಇಟ್ಕೊಂಡು, ಅಪ್ಪ ಅನ್ನೋದನ್ನ ಮರೆತೆ. ಅದು ನಂದು. ಅದನ್ನ ನಿಂಗೆ ಕೊಡಲ್ಲ."

ಮತ್ತೆ ಆ ಮಾತು ಎತ್ತಬೇಡ ಎಂದರು. ಮೊದಲ ಸಲ ಅಪ್ಪ ಅವಳಿಗೆ ಆಗಲ್ಲ ಎಂದಿದ್ದು ಅದೇ.

ಅಕ್ಕ ಟೆಸ್ಟು ಪಾಸಾದಳು, ಬಸ್ಸು ಓಡಿಸಿದಳು, ಡಿಪೋದಲ್ಲಿ ಹೆಸರು ಮಾಡಿದಳು. ಗಂಡನ ಜೊತೆ ಮಾತು ಮೊದಲಿನಂತಾಗದಿದ್ದರೂ ಒಂದು ಹದಕ್ಕೆ ಬಂತು. ಕಟ್ಟಳೆ ಮಾತ್ರ ಸಡಿಲವಾಗಲಿಲ್ಲ, ಮಗಳ ಬಟ್ಟೆಗೆ ಅವರ ಕೈ ಇಲ್ಲ. ಭಾವನೂ ಅದನ್ನು ಮುರಿಯಲಿಲ್ಲ. ಗುಂಡಿ ಹದಿನೇಳರ ಹೊತ್ತಿಗೆ ತಾನೇ ಹೊಲಿಯಲು ಕೂತಳು. ಭಾವ ಅವಳ ಹಿಂದೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತು ಬರೀ ಬಾಯಲ್ಲಿ ಕಲಿಸಿದರು. ಇಲ್ಲಿ ಬಿಡು, ಅಲ್ಲಿ ಹಿಡಿ, ಚೀಲದ ಜಾಗಕ್ಕೆ ಒಳಗೆ ಇನ್ನೊಂದು ಪದರ ಕೊಡು. ಸೂಜಿ ಬೆರಳಿಗೆ ಚುಚ್ಚಿದಾಗಲೂ ಆ ಕೈ ಮುಂದೆ ಬರುತ್ತಿರಲಿಲ್ಲ. ಅಕ್ಕ ನೋಡಿಯೂ ನೋಡದಂತೆ ಹೋಗುತ್ತಿದ್ದಳು. ಗುಂಡಿಯ ಬಟ್ಟೆ ಈಗ ಚೆನ್ನಾಗಿ ಕೂರುತ್ತದೆ. ಕನ್ನಡಕದ ಅಂಗಡಿಯಲ್ಲಿ ಜೊತೆಗಿರುವವರಿಗೆ ಅವಳ ಹೊಟ್ಟೆಯ ಮೇಲೆ ಏನಿದೆ ಎಂದು ಅವಳು ಹೇಳಿದ ಮೇಲೇ ತಿಳಿದಿದ್ದು.

ಭಾವ ಹೋಗಿ ಎರಡು ವರ್ಷವಾಯಿತು. ಎದೆ ಹಿಡಿದುಕೊಂಡಿತು, ಹೆಚ್ಚು ನರಳಲಿಲ್ಲ.

ಈಚೆಗೆ ಅಕ್ಕ ನಿವೃತ್ತಿ ಆದಳು. ಡಿಪೋದಲ್ಲಿ ಸಣ್ಣದೊಂದು ಸಭೆ, ಹಾರ, ಮೈಕು. ನಾನೂ ಗುಂಡಿಯೂ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಮಾತಾಡು ಎಂದಾಗ ಅಕ್ಕ ಬಸ್ಸಿನ ವಿಷಯ ಹೆಚ್ಚು ಹೇಳಲಿಲ್ಲ. ನಾನು ಸ್ಟೇರಿಂಗ್ ಹಿಡಿಯೋಕೆ ಕಾರಣ ನನ್ನ ಮಗಳು ಎಂದಳು. ಅವಳಪ್ಪನಿಂದ ಒಂದು ದೊಡ್ಡ ತಪ್ಪಾಯ್ತು, ನಾನು ಮನೆ ಬಿಟ್ಟು ಕದಲಲ್ಲ ಅಂತ ಕೂತಿದ್ದೆ, ಅಪ್ಪನ್ನ ಉಳಿಸೋಕೆ ಈ ಹುಡುಗಿ ಆ ತಪ್ಪನ್ನ ತನ್ನ ಮೇಲೆ ಎಳ್ಕೊಂಡಳು, ಅಂಥ ಮನಸ್ಸು ಎಲ್ಲರಿಗೂ ಇರಲ್ಲ, ಅದನ್ನ ನೋಡೇ ನಾನು ಅವರನ್ನ ಹೊಟ್ಟೆಗೆ ಹಾಕ್ಕೊಂಡಿದ್ದು ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದವರು ತಿರುಗಿ ತಿರುಗಿ ಗುಂಡಿಯನ್ನು ನೋಡಿದರು. ಅವಳು ಕೈ ತೊಡೆಯ ಕೆಳಗಿಟ್ಟು ಕೂತಿದ್ದಳು. ಅಕ್ಕ ವೇದಿಕೆಯಿಂದಲೇ ನಗುತ್ತ ನೋಡಿದಾಗ ತಾನೂ ಕೈ ತೆಗೆದು ಚಪ್ಪಾಳೆ ತಟ್ಟಿದಳು.

ಡಿಪೋದವರು ನಮ್ಮನ್ನು ಬಸ್ಸಿನಲ್ಲೇ ಮನೆಗೆ ಬಿಡಲು ಹೊರಟರು. ಅಕ್ಕ ಡ್ರೈವರ ಹಿಂದಿನ ಸೀಟಿನಲ್ಲಿ ಕೂತು ಅವನ ಗೇರು ಬದಲಾಯಿಸುವ ಚಂದಕ್ಕೆ ತಪ್ಪು ಹುಡುಕುತ್ತಿದ್ದಳು. ಬಸ್ಸಿನ ಕೊನೆಯ ಸೀಟಿನಲ್ಲಿ ಗುಂಡಿ ನನಗೆ ಎಲ್ಲ ಹೇಳಿದಳು. ನಾನು ಇಲ್ಲಿ ಬರೆದದ್ದರಲ್ಲಿ ಅವಳ ಪಾಲಿನದೆಲ್ಲ ಅವತ್ತು ಆ ಸೀಟಿನಲ್ಲಿ ಕೇಳಿದ್ದು. ಕೇಳಿ ಮುಗಿಸಿದ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು. ಈಗಲೇ ಹೋಗಿ ಅಮ್ಮನಿಗೆ ಹೇಳು, ನಾನೂ ಜೊತೆಗೆ ಬರ್ತೀನಿ ಎಂದು ಎದ್ದೆ. ಅವಳು ನನ್ನ ಸೆರಗು ಹಿಡಿದು ಕೂರಿಸಿದಳು.

"ಹೇಳಿದ್ರೆ ಈಗ ನಂಬ್ತಾಳೆ ಚಿಕ್ಕಮ್ಮ, ಈಗ ಯಾರನ್ನ ಉಳಿಸೋಕೆ ಅಂತ ಸುಳ್ಳು ಹೇಳ್ಲಿ? ಅದೇ ಭಯ. ನಂಬಿದ ಮೇಲೆ, ಅಷ್ಟು ವರ್ಷ ಅಪ್ಪನ ಜೊತೆ ಹಾಗೆ ಇದ್ದೆನಲ್ಲ ಅಂತ ಯಾರ ಹತ್ರ ಹೋಗಿ ಅಳ್ತಾಳೆ? ಅವನೇ ಇಲ್ಲ."

ಅವಳ ಕೈ ಹಿಡಿದುಕೊಂಡು ಕೂತೆ. ತಣ್ಣಗಿತ್ತು. ಮುಂದಿನಿಂದ ಅಕ್ಕ ತಿರುಗಿ ನೋಡಿದಳು. ಗುಂಡಿಯ ಮುಖ ಬಾಡಿದ್ದು ಅವಳ ಕಣ್ಣಿಗೆ ಬಿತ್ತು. ಹೊಟ್ಟೆಯದೇ ಇರಬೇಕು ಎಂದುಕೊಂಡಳು, ಪಾಪ, ಅವಳಿಗೆ ಬೇರೆ ಏನು ಗೊತ್ತು. ಡ್ರೈವರ ಹೆಗಲ ಮೇಲೆ ಕೈಯಿಟ್ಟು ನಿಧಾನ ಮಾಡಿಸಿ, "ಗುಂಡಿ, ನಿಲ್ಲಿಸ್ಬೇಕೇನೇ?" ಎಂದು ಕೇಳಿದಳು.

"ಬೇಡಮ್ಮ," ಎಂದಳು ಗುಂಡಿ. "ಹೋಗ್ಲಿ."